ಉಣುಗಿನ ಪಾಲಿಗೆ ಬಂದ ವಿಜ್ಞಾನವೆಷ್ಟು?

ಅಡಿಕೆ ಕೊಯ್ಲಿನ ಭರಾಟೆ ನಡುವೆ ಕಾಡಿನ ನೆಲದ ಮೇಲೆ ದರಗು ಒಣಗತೊಡಗಿತೆಂದರೆ ಶಿವಮೊಗ್ಗ ಜಿಲ್ಲೆಯ ಸುದ್ದಿಪುಟಗಳಲ್ಲಿ ಒಂದು ವರದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಇಂಥ ಗ್ರಾಮದ ಬಳಿ ಸತ್ತ ಮಂಗವೊಂದು ಸಿಕ್ಕಿದೆ, ಸುತ್ತಲಿನ ಇಷ್ಟು ಮಂದಿಯ ರಕ್ತದ ಮಾದರಿ ಸಂಗ್ರಹಿಸಲಾಗಿದೆ, ಜನರು ಕಾಡಿಗೆ ಹೋಗುವಾಗ ಮೈಗೆ ತೈಲ ಹಚ್ಚಿಕೊಳ್ಳಬೇಕೆಂದು ಆರೋಗ್ಯ ಇಲಾಖೆ ಮನವಿ ಮಾಡಿದೆ. ಊರಿನ ಹೆಸರು ಬದಲಾಗುತ್ತದೆ, ವರ್ಷ ಬದಲಾಗುತ್ತದೆ. ವರದಿಯ ಒಕ್ಕಣೆ ಮಾತ್ರ ಬದಲಾಗುವುದಿಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದ್ದು 1957ರಲ್ಲಿ. ಆ ಕಾಡಿನ ಹೆಸರು ವಿಶ್ವದ ವೈರಾಣು ಶಾಸ್ತ್ರದ ಗ್ರಂಥಗಳನ್ನು ಸೇರಿ ಆರು ದಶಕಗಳೇ ಕಳೆದಿವೆ. ಆದರೂ ಇಂದು ಹೊಸನಗರದ ಅಥವಾ ಸಾಗರದ ಹಳ್ಳಿಗೆ ಹೋಗುವ ಆರೋಗ್ಯ ಕಾರ್ಯಕರ್ತೆಯ ಚೀಲದಲ್ಲಿ ಈ ರೋಗಕ್ಕೆ ನಿರ್ದಿಷ್ಟವಾದ ಔಷಧವಿಲ್ಲ. 2022ರಲ್ಲಿ ಹಳೆಯ ಲಸಿಕೆಯನ್ನು ನಿಲ್ಲಿಸಿದ ಮೇಲೆ ಅದೂ ಇಲ್ಲವಾಯಿತು.

ಏಕೆ ಹೀಗಾಯಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ‘ಸಂಶೋಧನೆ ಸಾಲದು’ ಎಂಬುದು. ಈ ಮಾತನ್ನು ಎಲ್ಲರೂ ಆಡುತ್ತಾರೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಒಡನೆಯೇ ಹೊಳೆಯುವ ಮರುಪ್ರಶ್ನೆಯೆಂದರೆ, ಯಾವುದಕ್ಕೆ ಹೋಲಿಸಿದರೆ ಸಾಲದು? ಯಾವ ಜೀವಿ, ಯಾವ ರೋಗ, ಯಾವ ವಸ್ತು ವಿಜ್ಞಾನಿಗಳ ಗಮನದಲ್ಲಿ ಎಷ್ಟು ಪಾಲು ಪಡೆದಿದೆ ಎಂಬುದನ್ನು ಅಳೆಯುವುದು ಈಗ ಕಷ್ಟದ ಕೆಲಸವಲ್ಲ. ವೈದ್ಯಕೀಯ ಪ್ರಬಂಧಗಳ ಸೂಚಿಗಳು ಗಣಕದಲ್ಲಿ ಎಲ್ಲರಿಗೂ ಮುಕ್ತವಾಗಿವೆ. ಡೆಂಗಿ ಎಂದು ಹುಡುಕಿದರೆ ಹತ್ತಾರು ಸಾವಿರ ಪ್ರಬಂಧಗಳು ತೆರೆದುಕೊಳ್ಳುತ್ತವೆ. ಕ್ಯಾಸನೂರು ಕಾಡಿನ ಕಾಯಿಲೆಯ ಎಣಿಕೆ ನೂರರ ಲೆಕ್ಕದಲ್ಲೇ ಉಳಿಯುತ್ತದೆ, ಸಾವಿರವನ್ನು ಮುಟ್ಟುವುದಿಲ್ಲ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕದಲ್ಲಿಟ್ಟು ನಮಗೆ ಅನ್ಯಾಯವಾಗಿದೆ ಎಂದು ಕೂಗುವುದು ಸುಲಭ. ಸಭೆಗಳಲ್ಲಿ ಹಾಗೆ ಕೂಗಿದವರನ್ನು ನಾನು ಕಂಡಿದ್ದೇನೆ.

ಆದರೆ ಆ ಹೋಲಿಕೆ ನಿಲ್ಲುವುದಿಲ್ಲ. ಡೆಂಗಿ ಸೋಂಕು ಜಗತ್ತಿನಾದ್ಯಂತ ವರ್ಷಕ್ಕೆ ಕೋಟಿಗಟ್ಟಲೆ ಜನರನ್ನು ತಟ್ಟುತ್ತದೆ. ಮಂಗನ ಕಾಯಿಲೆಗೆ ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು ವರ್ಷಕ್ಕೆ ಸರಾಸರಿ 400ರಿಂದ 500 ಪ್ರಕರಣಗಳು. ತಲಾವಾರು ಭಾಗಿಸಿ ನೋಡಿದರೆ ನಮ್ಮ ರೋಗಿಯ ಪಾಲಿಗೆ ಬಂದ ಪ್ರಬಂಧಗಳೇ ಹೆಚ್ಚು! ಹಣಕಾಸು ಇಲಾಖೆಯ ಯಾವುದೇ ಚುರುಕಾದ ಅಧಿಕಾರಿ ಈ ಭಾಗಲಬ್ಧವನ್ನು ಮುಂದಿಟ್ಟು ನಮ್ಮ ಕಡತವನ್ನು ಮುಚ್ಚಿಬಿಡಬಲ್ಲ. ಆದ್ದರಿಂದ ಸರಿಯಾದ ತಕ್ಕಡಿಯನ್ನು ಆರಿಸಿಕೊಳ್ಳುವುದು ಮುಖ್ಯ.

ಆ ತಕ್ಕಡಿ ಯುರೋಪಿನಲ್ಲಿದೆ. ಆಸ್ಟ್ರಿಯ, ಜರ್ಮನಿಯಿಂದ ಹಿಡಿದು ರಷ್ಯದವರೆಗಿನ ಕಾಡುಗಳಲ್ಲಿ ಉಣುಗಿನಿಂದಲೇ ಹರಡುವ ಮಿದುಳು ಜ್ವರವೊಂದಿದೆ. ಅದರ ವೈರಾಣು ನಮ್ಮ ಕ್ಯಾಸನೂರಿನ ವೈರಾಣುವಿನ ದಾಯಾದಿ. 1957ರಲ್ಲಿ ಪುಣೆಯ ವಿಜ್ಞಾನಿಗಳು ನಮ್ಮ ವೈರಾಣುವನ್ನು ಬೇರ್ಪಡಿಸಿ ನೋಡಿದಾಗ ಮೊದಲು ಗುರುತಿಸಿದ್ದೇ ಈ ರಷ್ಯದ ಬಂಧುತ್ವವನ್ನು. ಯುರೋಪಿನಲ್ಲಿ ವರದಿಯಾಗುವ ಪ್ರಕರಣಗಳು ವರ್ಷಕ್ಕೆ ಕೆಲವು ಸಾವಿರ. ಪಶ್ಚಿಮ ಯುರೋಪಿನ ಬಗೆಯಲ್ಲಿ ಸಾವಿನ ಪ್ರಮಾಣ ಶೇಕಡ 1ರಿಂದ 2. ನಮ್ಮಲ್ಲಿ ಅದು ಶೇಕಡ 3ರಿಂದ 5 ಎಂಬುದು ಪುಸ್ತಕಗಳ ಲೆಕ್ಕ. ಅಂದರೆ ಕುಲವೂ ಒಂದೇ, ಹರಡುವ ಕೀಟವರ್ಗವೂ ಒಂದೇ, ರೋಗಿಗಳ ಸಂಖ್ಯೆಯಲ್ಲಿನ ಅಂತರವೂ ಆನೆ ಇರುವೆಗಳದ್ದಲ್ಲ. ಆದರೆ ಅಲ್ಲಿನ ರೋಗದ ಕುರಿತು ಹಲವು ಸಾವಿರ ಪ್ರಬಂಧಗಳಿವೆ. 1970ರ ದಶಕದಿಂದಲೇ ಲಸಿಕೆಯಿದೆ, ಅದು ಮತ್ತೆ ಮತ್ತೆ ಪರಿಷ್ಕಾರಗೊಂಡಿದೆ, ಒಂದಕ್ಕಿಂತ ಹೆಚ್ಚು ಕಂಪನಿಗಳು ಅದನ್ನು ಮಾರುತ್ತಿವೆ. ಬೇಸಗೆಯಲ್ಲಿ ಕಾಡಿನಲ್ಲಿ ಅಡ್ಡಾಡಲು ಹೋಗುವ ವಿಯೆನ್ನಾದ ನಾಗರಿಕ ಆ ಲಸಿಕೆಗೆ ಹಣ ಕೊಡಬಲ್ಲ. ದರಗು ಗುಡಿಸಲು, ಸೌದೆ ತರಲು, ದನ ಹುಡುಕಲು ಕಾಡಿಗೆ ಹೋಗುವ ಸಾಗರ ತಾಲ್ಲೂಕಿನ ಕೂಲಿಯವಳು ಕೊಡಲಾರಳು. ಇಬ್ಬರ ಮೈಮೇಲೆ ಹತ್ತುವ ಉಣುಗುಗಳ ನಡುವೆ ಇರುವ ನಿಜವಾದ ವ್ಯತ್ಯಾಸ ಇಷ್ಟೇ.

ಮಾರುಕಟ್ಟೆ ಸೋಲುವ ಇಂಥ ಕಡೆ ಸರ್ಕಾರ ಕೈ ಹಾಕಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ನಮ್ಮ ಸರ್ಕಾರಗಳು ಕೈ ಹಾಕಲಿಲ್ಲವೆಂದು ಹೇಳುವಂತಿಲ್ಲ. 1952ರಲ್ಲಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರ (ಅದೇ ಮುಂದೆ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯಾಯಿತು) ಕ್ಯಾಸನೂರಿನ ಸುದ್ದಿ ತಲುಪಿದ ಕೆಲವೇ ವಾರಗಳಲ್ಲಿ ತನ್ನ ತಂಡವನ್ನು ಕಳುಹಿಸಿತು. ಆ ತರಾತುರಿಗೆ ಕಾರಣವೂ ಇತ್ತು. ಮಂಗಗಳು ಸಾಯುತ್ತಿವೆ ಎಂದೊಡನೆ ಅದು ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರವಿರಬಹುದೇ ಎಂಬ ಭೀತಿ ಹುಟ್ಟಿತ್ತು. ಹಳದಿ ಜ್ವರ ಏಷ್ಯಾಕ್ಕೆ ಕಾಲಿಟ್ಟರೆ ಗತಿಯೇನು ಎಂಬುದು ಜಗತ್ತಿನ ಚಿಂತೆಯಾಗಿತ್ತು. ಸೊರಬದ ರೈತನ ಜ್ವರ ಆ ಚಿಂತೆಯ ಬೆನ್ನೇರಿ ಬಂದು ಗಮನ ಸೆಳೆಯಿತು. ಅದು ಹಳದಿ ಜ್ವರವಲ್ಲವೆಂದು ತಿಳಿದ ಮೇಲೂ ಒಂದು ದಶಕಕ್ಕೂ ಹೆಚ್ಚು ಕಾಲ ಕೆಲಸ ನಡೆಯಿತೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಸಾಗರದಲ್ಲಿ ಕ್ಷೇತ್ರ ಕೇಂದ್ರವಿತ್ತು. ಉಣುಗುಗಳನ್ನು ಕಾಡಿನ ನೆಲದಿಂದ ಬಟ್ಟೆ ಎಳೆದು ಹಿಡಿದು, ಜಾತಿವಾರು ಬೇರ್ಪಡಿಸಿ ಎಣಿಸಿದರು. ಇಲಿ, ಸೊಂಡಿಲಿ, ಹಕ್ಕಿ, ದನ, ಮುಸಿಯ, ಕೋಡಗ ಎಲ್ಲದರ ರಕ್ತವನ್ನೂ ಪರೀಕ್ಷಿಸಿದರು. ಕಾಡನ್ನು ಕಡಿದು ಗದ್ದೆ ಮಾಡಿದ ಕಡೆ, ಆ ಅಂಚಿನಲ್ಲಿ ದನ ಮೇಯುವ ಕಡೆ ಉಣುಗು ಹೆಚ್ಚುತ್ತದೆ ಎಂಬ ವಿವರಣೆಯನ್ನು ಜಾರ್ಜ್ ಬೋಶೆಲ್ 1969ರಲ್ಲಿ ಪ್ರಕಟಿಸಿದರು. ಇಂದಿಗೂ ಈ ರೋಗದ ಬಗ್ಗೆ ಬರೆಯುವವರು ಆ ಪ್ರಬಂಧದಿಂದಲೇ ತೊಡಗುತ್ತಾರೆ.

ಇಲ್ಲೊಂದು ಸ್ವಾರಸ್ಯವಿದೆ. ಸೈಬೀರಿಯದ ಕಡೆಯಿಂದ ಬರುವ ವಲಸೆ ಹಕ್ಕಿಗಳು ತಮ್ಮ ಮೈಮೇಲಿನ ಉಣುಗುಗಳೊಂದಿಗೆ ವೈರಾಣುವನ್ನು ಮಲೆನಾಡಿಗೆ ತಂದವೇ ಎಂಬ ಅನುಮಾನ ಆಗ ಬಲವಾಗಿತ್ತು. ಅದನ್ನು ಪರೀಕ್ಷಿಸಲೆಂದು ವಿಶ್ವ ಆರೋಗ್ಯ ಸಂಸ್ಥೆಯ ನೆರವು ದೊರೆತು, ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆಯನ್ನು ಕೈಗೊಂಡಿತು. ಮುಂದೆ ಅಮೆರಿಕದ ಸೇನೆಯ ಹಣವೂ ಬಂತು. ಅದರಿಂದಾಗಿ 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯಲ್ಲಿ ಕಟುವಾದ ಪ್ರಶ್ನೆಗಳೂ ಎದ್ದವು. ಹಕ್ಕಿಗಳು ರೋಗ ತಂದವೆಂಬುದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಭಾರತದ ವಲಸೆ ಹಕ್ಕಿಗಳ ಬಗ್ಗೆ ನಮಗಿರುವ ಜ್ಞಾನದ ಬುನಾದಿ ಹಾಕಿದ್ದು ಆ ಯೋಜನೆಯೇ. ಸೊರಬದ ಕಾಡಿನ ಉಣುಗಿನಿಂದಾಗಿ ಭರತಪುರದ ಬಾತುಕೋಳಿ ಅಧ್ಯಯನಕ್ಕೆ ಒಳಗಾಯಿತು, ಉಣುಗು ಮಾತ್ರ ಹಿಂದೆ ಬಿತ್ತು.

1960ರ ದಶಕ ಮುಗಿಯುವ ಹೊತ್ತಿಗೆ ರಾಕ್‌ಫೆಲ್ಲರ್ ನೆರವು ನಿಂತಿತ್ತು. ಅನಂತರದ ದೀರ್ಘ ಅವಧಿಯ ಪ್ರಬಂಧಗಳನ್ನು ತಿರುವಿ ಹಾಕಿದರೆ ಹೊಸ ಕ್ಷೇತ್ರಕಾರ್ಯ ವಿರಳ, ಹಳೆಯದರ ಪುನರ್ವಿಮರ್ಶೆ ಹೇರಳ. ಒಂದು ರೋಗದ ಬಗ್ಗೆ ಇಷ್ಟು ನೂರು ಪ್ರಬಂಧಗಳಿವೆ ಎಂದಾಗ ಅವುಗಳಲ್ಲಿ ಎಷ್ಟು ಮಂದಿ ಕಾಡಿಗೆ ಹೋಗಿ ಬಂದು ಬರೆದವು, ಎಷ್ಟು ಮಂದಿ ಮೇಜಿನ ಮುಂದೆ ಕುಳಿತು ಬರೆದವು ಎಂದು ಕೇಳಬೇಕಾಗುತ್ತದೆ. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಗೇರು ನೆಡಲೆಂದು ಕಾಡು ಕಡಿದ ಬಳಿಕ ರೋಗ ಭುಗಿಲೆದ್ದು, 1983ರಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಜನರಿಗೆ ತಗುಲಿ 150ರಷ್ಟು ಜೀವಗಳನ್ನು ಬಲಿ ತೆಗೆದುಕೊಂಡಿತು. ಆಗ ಲಸಿಕೆಯ ಮಾತು ಮತ್ತೆ ಬಂತು. ಕೊನೆಗೆ ಬಳಕೆಗೆ ಬಂದ ಲಸಿಕೆ 1957ರ ಸುಮಾರಿನಲ್ಲಿ ಬೇರ್ಪಡಿಸಿದ ವೈರಾಣುವನ್ನು ಫಾರ್ಮಲಿನ್‌ನಲ್ಲಿ ಕೊಂದು, ಕೋಳಿ ಭ್ರೂಣದ ಜೀವಕೋಶಗಳಲ್ಲಿ ತಯಾರಿಸಿದ್ದು. ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ ಅದನ್ನು ತಯಾರಿಸುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಮತ್ತೆ ಕೆಲವು ತಿಂಗಳಿಗೊಂದು, ಅನಂತರ ವರ್ಷ ವರ್ಷವೂ ಒಂದು. ಚುಚ್ಚಿದ ಜಾಗದ ನೋವು ದಿನಗಟ್ಟಲೆ ಇರುತ್ತದೆಂಬ ಕಾರಣಕ್ಕೆ ಕೂಲಿ ತಪ್ಪಿಸಿಕೊಳ್ಳಲಾರದ ಜನ ಎರಡನೆಯ ಸಲ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಅಂಕಿ ಅಂಶಗಳನ್ನಾಧರಿಸಿದ ಅಧ್ಯಯನವೊಂದು ಎರಡು ಚುಚ್ಚುಮದ್ದಿನ ರಕ್ಷಣೆ ಶೇಕಡ 62ರಷ್ಟು, ಬೂಸ್ಟರ್ ಸಹ ಪಡೆದವರಲ್ಲಿ ಶೇಕಡ 83ರಷ್ಟು ಎಂದು ಕಂಡುಕೊಂಡಿತು. ಈ ಫಲಿತಾಂಶ 2013ರಲ್ಲೇ ಪ್ರಕಟವಾಗಿತ್ತು. ಅದೇ ಲಸಿಕೆಯನ್ನು ಇನ್ನೂ ಒಂಬತ್ತು ವರ್ಷ ಕೊಟ್ಟೆವು.

ಅಷ್ಟರಲ್ಲಿ ರೋಗ ಜಿಲ್ಲೆಯ ಗಡಿ ದಾಟಿತ್ತು. 2012ರಲ್ಲಿ ಬಂಡೀಪುರದ ಬಳಿ ಕಾಣಿಸಿಕೊಂಡಿತು. ಅನಂತರದ ವರ್ಷಗಳಲ್ಲಿ ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಲಗೋಡು ಪ್ರದೇಶದಲ್ಲಿ ಆದ ಸಾವುಗಳನ್ನು ಓದುಗರು ಮರೆತಿರಲಾರರು. 2024ರ ಮೊದಲ ತಿಂಗಳುಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳ ನೂರಾರು ಮಂದಿಗೆ ಸೋಂಕು ತಗುಲಿ ಮತ್ತೆ ಜೀವಗಳು ಹೋದವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಲಸಿಕಾ ಕಂಪನಿಯೊಂದರೊಡನೆ ಹೊಸ ಲಸಿಕೆಯ ಕೆಲಸವನ್ನು ಕೈಗೆತ್ತಿಕೊಂಡಿದೆ. ಅದು ಸ್ವಾಗತಾರ್ಹ. ಆದರೆ ಲಸಿಕೆ ಬಂದರೂ ಕಾಡಿನಲ್ಲಿ ವೈರಾಣು ಎಲ್ಲಿ, ಯಾವ ಪ್ರಾಣಿಯಲ್ಲಿ, ಯಾವ ಋತುವಿನಲ್ಲಿ ಎಷ್ಟಿದೆ ಎಂಬುದನ್ನು ಅದು ಹೇಳಲಾರದು. ಅದಕ್ಕೆ ಎಣಿಸುವವರು ಬೇಕು.

ಎಣಿಸುವವರು ಏಕಿಲ್ಲ ಎಂಬುದಕ್ಕೆ ವಿಜ್ಞಾನದ ಒಳಗಿನ ಕಾರಣವೂ ಇದೆ. ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದ ಜೀವಪ್ರಭೇದಗಳು ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿವೆ. ಅವುಗಳಲ್ಲಿ ಬೆನ್ನೆಲುಬುಳ್ಳವು ನೂರಕ್ಕೆ ಐದೂ ಇಲ್ಲ. ಆದರೆ ಪ್ರಯೋಗಾಲಯಗಳ ಮೇಜನ್ನು ಬೆರಳೆಣಿಕೆಯ ಪ್ರಭೇದಗಳು ಆಳುತ್ತವೆ: ಬಿಳಿ ಇಲಿ, ಹಣ್ಣಿನ ನೊಣ, ಕರುಳಿನ ಒಂದು ಬ್ಯಾಕ್ಟೀರಿಯ, ಸಾಸಿವೆಯ ನಂಟಿನ ಒಂದು ಕಳೆ, ಗೆರೆಗೆರೆಯ ಒಂದು ಸಣ್ಣ ಮೀನು. ಈ ಕೊನೆಯ ಮೀನಿನ ಕತೆ ಕೇಳಬೇಕು. ಟಿಪ್ಪುವಿನ ಪತನದ ಮರುವರ್ಷ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಿ, ನಗರ, ಇಕ್ಕೇರಿಗಳವರೆಗೂ ಬಂದು, ಇಲ್ಲಿನ ಬೆಳೆ ಕಂದಾಯಗಳನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕನನ್‌ನನ್ನು ಕಂದಾಯ ಇಲಾಖೆಯವರೆಲ್ಲರೂ ಬಲ್ಲರು. ಅದೇ ಬುಕನನ್, ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಿಂದ, ಗಂಗೆಯ ಮೀನುಗಳ ಬಗ್ಗೆ ಬರೆದ 1822ರ ಗ್ರಂಥದಲ್ಲಿ ಈ ಮೀನನ್ನು ಮೊದಲು ವರ್ಣಿಸಿದ. ಉಪಖಂಡದ ಹೊಳೆ, ಗದ್ದೆ ಕಾಲುವೆಗಳ ಆ ಸಾಮಾನ್ಯ ಮೀನನ್ನು ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ 1970ರ ದಶಕದಲ್ಲಿ ತೊಟ್ಟಿಯಲ್ಲಿ ಸಾಕಿ ಅಧ್ಯಯನ ಮಾಡತೊಡಗಿದರು. ಇಂದು ಜೀಬ್ರಾ ಮೀನಿಲ್ಲದ ದೊಡ್ಡ ಜೀವವಿಜ್ಞಾನ ಸಂಸ್ಥೆ ವಿರಳ. ಅದರ ಭ್ರೂಣ ಪಾರದರ್ಶಕ, ಅದು ಬೇಗ ಬೆಳೆಯುತ್ತದೆ, ಖರ್ಚು ಕಡಿಮೆ. ಒಮ್ಮೆ ಒಂದಷ್ಟು ಜ್ಞಾನ ಕೂಡಿಕೊಂಡ ಮೇಲೆ ಮುಂದಿನ ಸಂಶೋಧಕನೂ ಅದನ್ನೇ ಆರಿಸಿಕೊಳ್ಳುತ್ತಾನೆ. ಅಸಲಿನ ಮೇಲೆ ಬಡ್ಡಿ, ಬಡ್ಡಿಯ ಮೇಲೆ ಬಡ್ಡಿ. ಮಂಗಗಳಲ್ಲೂ ಹಾಗೆಯೇ. ಉತ್ತರ ಭಾರತದ ರೀಸಸ್ ಕೋತಿಯನ್ನು ಪೋಲಿಯೊ ಲಸಿಕೆಗಾಗಿ ಸಾವಿರ ಸಾವಿರ ಸಂಖ್ಯೆಯಲ್ಲಿ ಹೊರದೇಶಗಳಿಗೆ ಕಳುಹಿಸಲಾಯಿತು. 1978ರಲ್ಲಿ ಭಾರತ ಆ ರಫ್ತನ್ನು ನಿಷೇಧಿಸುವ ಹೊತ್ತಿಗೆ ಅದು ವೈದ್ಯಕೀಯದ ಸಿದ್ಧ ಮಾದರಿಯಾಗಿಬಿಟ್ಟಿತ್ತು. ನಮ್ಮ ಕೋಡಗ, ಮುಸಿಯಗಳು ಆ ಪಟ್ಟಿಯಲ್ಲಿ ಬಹಳ ಕೆಳಗೆ.

ಇದನ್ನು ದೋಷವೆಂದು ನಾನು ಹೇಳುತ್ತಿಲ್ಲ. ಹಣ್ಣಿನ ನೊಣದಿಂದ ಕಲಿತ ಆನುವಂಶಿಕ ಶಾಸ್ತ್ರ ಶಿವಮೊಗ್ಗದವರಿಗೂ ಸೇರಿದ್ದು. ವಿಜ್ಞಾನವನ್ನು ಹೋಬಳಿವಾರು ಹಂಚಿಕೊಡಿ ಎಂದು ಕೇಳುವುದು ಹುಚ್ಚುತನ. ನನ್ನ ತಕರಾರು ಬೇರೆ. ಒಂದು ನೆಲದ ಜನ ಬದುಕುವುದು ಆ ನೆಲದ ಪ್ರಭೇದಗಳ ನಡುವೆ. ಅವುಗಳಲ್ಲಿ ಯಾವುದರ ಬಗ್ಗೆ ತಿಳಿದಿದೆ, ಯಾವುದರ ಬಗ್ಗೆ ಏನೂ ತಿಳಿದಿಲ್ಲ ಎಂಬ ಲೆಕ್ಕವಾದರೂ ಆಳುವವರ ಬಳಿ ಇರಬೇಕಲ್ಲವೇ?

ನಮ್ಮ ಬಳಿ ಇದ್ದ ಲೆಕ್ಕ ಎಂಥದೆಂದು ತಿಳಿಯಲು ಭದ್ರಾವತಿಗೆ ಬರಬೇಕು. ಅಲ್ಲಿನ ಕಬ್ಬಿಣದ ಕಾರ್ಖಾನೆಯ ಮೂಲ ಹೆಸರಿನಲ್ಲೇ ಮರ ಇತ್ತು: ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್. ಕಲ್ಲಿದ್ದಲಿಲ್ಲದ ಸೀಮೆಯಲ್ಲಿ ಮರದ ಇದ್ದಿಲಿನಿಂದ ಕಬ್ಬಿಣ ಕರಗಿಸುವುದು, ಆ ಮರವನ್ನು ಬಟ್ಟಿ ಇಳಿಸಿ ಮದ್ಯಸಾರ, ಡಾಂಬರು ಮುಂತಾದವನ್ನು ಪಡೆಯುವುದು ಯೋಜನೆಯ ತಿರುಳಾಗಿತ್ತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ ಬರುವ ಅದಿರಿನಲ್ಲಿ ಕಬ್ಬಿಣವೆಷ್ಟು, ಎರಕದಲ್ಲಿ ಇಂಗಾಲವೆಷ್ಟು, ಗಂಧಕ ರಂಜಕಗಳೆಷ್ಟು ಎಂದು ಮತ್ತೆ ಮತ್ತೆ ಅಳೆಯುವುದು ಆ ಉದ್ಯಮದ ಕ್ರಮ. ಒಳಗೆ ಹೋದ ಮರದ ಲೆಕ್ಕ ಮಾತ್ರ ಟನ್ನಿನಲ್ಲಿ. ಅರಣ್ಯ ಇಲಾಖೆಯ ದರಪಟ್ಟಿಗಳನ್ನು ನೋಡಿ ಬಲ್ಲವರಿಗೆ ಗೊತ್ತಿದೆ: ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿಗಳಿಗೆ ಅವುಗಳದೇ ಹೆಸರು, ಅವುಗಳದೇ ದರ. ಉಳಿದ ಅಸಂಖ್ಯ ಜಾತಿಗಳಿಗೆಲ್ಲ ಸೇರಿ ಒಂದೇ ಹೆಸರು, ‘ಜಂಗಲ್ ವುಡ್’. ದರವಿಲ್ಲದ್ದಕ್ಕೆ ಹೆಸರೂ ಇಲ್ಲ. ಹೆಸರಿಲ್ಲದ್ದನ್ನು ಅಧ್ಯಯನ ಮಾಡಲು ಯಾವ ವಿದ್ಯಾರ್ಥಿಗೂ ಶಿಷ್ಯವೇತನ ಸಿಗುವುದಿಲ್ಲ.

ಶ್ರೀಗಂಧವನ್ನು ನೋಡಿ. ಶಿವಮೊಗ್ಗದಲ್ಲಿ ಗಂಧದೆಣ್ಣೆಯ ಕಾರ್ಖಾನೆಯಿತ್ತು, ಖಜಾನೆಗೆ ಆದಾಯವಿತ್ತು. ಗಂಧದ ಮರಕ್ಕೆ ‘ಸ್ಪೈಕ್’ ರೋಗ ತಗುಲಿದೆಯೆಂದು 19ನೆಯ ಶತಮಾನದ ಕೊನೆಯಲ್ಲಿ ಕೊಡಗಿನಿಂದ ವರದಿ ಬಂದೊಡನೆ ಸರ್ಕಾರಗಳು ಎಚ್ಚೆತ್ತವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆ ರೋಗದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿತು. ನಿಜವಾದ ಕಾರಣ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡದ್ದು 1969ರಲ್ಲಿ. ಏಳು ದಶಕ ಹಿಡಿದರೂ ಯಾರೂ ಕೈಬಿಡಲಿಲ್ಲ, ಏಕೆಂದರೆ ಅದು ಶ್ರೀಗಂಧ.

ಅಡಿಕೆಯದು ಇನ್ನೂ ಒಳ್ಳೆಯ ಉದಾಹರಣೆ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಮಳೆಗಾಲದ ಕೊಳೆರೋಗವನ್ನು ಅಭ್ಯಸಿಸಿದರು. ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುವ ರೈತರ ಕ್ರಮವನ್ನು ಅವರು ಕಂಡಿದ್ದರು. ರೋಗಕ್ಕೆ ಕಾರಣವಾದ ಬೂಷ್ಟನ್ನು ಗುರುತಿಸಿ, ಮೈಲುತುತ್ತ ಮತ್ತು ಸುಣ್ಣದ ಬೋರ್ಡೊ ದ್ರಾವಣವನ್ನು ಸಿಂಪಡಿಸಲು ಸಲಹೆ ಮಾಡಿದರು. ನೂರು ವರ್ಷಗಳ ಮೇಲೂ ತೀರ್ಥಹಳ್ಳಿಯ ತೋಟಗಳಲ್ಲಿ ಮಳೆ ಹಿಡಿಯುವ ಮುನ್ನ ಕೊನೆಗಾರರು ಮರವೇರಿ ಹೊಡೆಯುವುದು ಅದೇ ದ್ರಾವಣವನ್ನು. ಒಬ್ಬ ವಿಜ್ಞಾನಿ, ಕೆಲವು ಮಳೆಗಾಲಗಳ ಕ್ಷೇತ್ರಕಾರ್ಯ, ಒಂದು ಶತಮಾನದ ಲಾಭ. ಸಾರ್ವಜನಿಕ ಹೂಡಿಕೆಯ ಪ್ರತಿಫಲಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಂಡಿಲ್ಲ. (ಅಡಿಕೆಯ ಕುರಿತ ಈಚಿನ ಪ್ರಬಂಧಗಳಲ್ಲಿ ಬಾಯಿಯ ಕ್ಯಾನ್ಸರಿನದೇ ಮೇಲುಗೈ ಎಂದು ನಮ್ಮ ಬೆಳೆಗಾರರು ಸಿಡಿಮಿಡಿಗೊಳ್ಳುತ್ತಾರೆ. 2004ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಪ್ರಕಟಿಸಿದ ತೀರ್ಮಾನ ಅಪ್ರಿಯವಾದರೂ ಅದರ ಹಿಂದೆ ಬಹುದೇಶಗಳ ರೋಗಿಗಳಿದ್ದಾರೆ. ಸಿಟ್ಟಾಗಬೇಕಾದದ್ದು ಆ ಅಧ್ಯಯನಗಳು ಹೆಚ್ಚಾದವೆಂದಲ್ಲ. ಹಳದಿ ಎಲೆ ರೋಗಕ್ಕೆ, ಈಚೆಗೆ ಹಬ್ಬಿರುವ ಎಲೆಚುಕ್ಕಿಗೆ ಕೋಲ್ಮನ್ ಮಾದರಿಯ ದುಡಿಮೆ ಕಡಿಮೆಯಾಯಿತೆಂದು.)

ಮತ್ತೆ ಭದ್ರಾವತಿಗೆ ಬರೋಣ. 1930ರ ದಶಕದಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ ಮೊದಲು ಬಿದಿರನ್ನು, ಆಮೇಲೆ ನೀಲಗಿರಿ, ಅಕೇಶಿಯಗಳನ್ನು ನೆಚ್ಚಿಕೊಂಡಿತು. 1980ರಲ್ಲಿ ಇಪ್ಪತ್ತು ಸಾವಿರ ಹೆಕ್ಟೇರ್‌ಗೂ ಹೆಚ್ಚಿನ ಅರಣ್ಯಭೂಮಿಯನ್ನು 40 ವರ್ಷಗಳ ಗುತ್ತಿಗೆಗೆ ಅದಕ್ಕೆ ಕೊಡಲಾಯಿತು. ಕಾರ್ಖಾನೆಯ ಉತ್ಪಾದನೆ 2015ರ ಹೊತ್ತಿಗೆ ನಿಂತೇಹೋಯಿತು. ನೆಡುತೋಪುಗಳು ನಿಂತಿವೆ, 2020ರಲ್ಲಿ ಗುತ್ತಿಗೆ ಮುಗಿದಾಗ ಅದನ್ನು ಮುಂದುವರಿಸುವ ತೀರ್ಮಾನಕ್ಕೆ ಮಲೆನಾಡಿನಲ್ಲಿ ತೀವ್ರ ವಿರೋಧವೂ ಬಂತು. ಅಕೇಶಿಯದ ಬಗ್ಗೆ ನಮಗೆ ಬೇಕಾದಷ್ಟು ತಿಳಿದಿದೆ: ಎಷ್ಟು ವರ್ಷಕ್ಕೆ ಎಷ್ಟು ಸುತ್ತಳತೆ, ಹೆಕ್ಟೇರಿಗೆ ಎಷ್ಟು ಟನ್ನು, ಎಷ್ಟು ತಿರುಳು. ಅದು ಆಸ್ಟ್ರೇಲಿಯ, ಪಪುವಾ ನ್ಯೂಗಿನಿ ಕಡೆಯ ಮರ. ಅದು ಬಂದು ಕುಳಿತ ಜಾಗದಲ್ಲಿ ಮೊದಲು ಇದ್ದ ‘ಜಂಗಲ್ ವುಡ್’ ಯಾವುದು, ಅದರ ಹಣ್ಣು ತಿನ್ನುತ್ತಿದ್ದ ಮಂಗ ಎಲ್ಲಿಗೆ ಹೋಯಿತು, ಅಕೇಶಿಯದ ದರಗಿನಡಿಯಲ್ಲಿ ಉಣುಗು ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ? ಕಾಡು ತೋಟ ಗದ್ದೆಗಳು ತುಂಡುತುಂಡಾಗಿ ಬೆರೆತ ಕಡೆ ರೋಗದ ಅಪಾಯ ಹೆಚ್ಚೆಂದು ಬ್ರಿಟನ್ನಿನ ಮತ್ತು ಬೆಂಗಳೂರಿನ ಸಂಸ್ಥೆಗಳ ವಿಜ್ಞಾನಿಗಳು ಕೂಡಿ 2020ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ನೆಡುತೋಪಿನ ಪ್ರಶ್ನೆಯನ್ನು ನಾವೇ, ನಮ್ಮ ಜಿಲ್ಲೆಯಲ್ಲೇ, ಹತ್ತು ವರ್ಷ ಬಿಡದೆ ಕೇಳಬಹುದಾಗಿತ್ತು. ಭದ್ರಾವತಿಯಿಂದ ಕೂಗಳತೆಯ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ, ಶಿವಮೊಗ್ಗದಲ್ಲಿ 2012ರಿಂದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ವೈದ್ಯಕೀಯ ಕಾಲೇಜಿದೆ, ಈ ರೋಗಕ್ಕಾಗಿಯೇ ವೈರಾಣು ಪತ್ತೆ ಪ್ರಯೋಗಾಲಯವಿದೆ. ಒಂದು ಊರಿನ ಮಟ್ಟಿಗೆ ಇದು ಸಣ್ಣ ಸಂಪತ್ತಲ್ಲ.

ಲೆಕ್ಕ ಇಡಲು ಕಾನೂನೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ರಚಿಸಿ, ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧಪಡಿಸಬೇಕು. ಹದಿನೇಳು ವರ್ಷ ಮಲಗಿದ್ದ ಈ ಕೆಲಸ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿಯ ಗಡುವು ಕೊಟ್ಟು ದಂಡದ ಎಚ್ಚರಿಕೆ ನೀಡಿದೊಡನೆ ದೇಶದೆಲ್ಲೆಡೆ ಧಾವಂತದಿಂದ ನಡೆಯಿತು. ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಅನುದಾನ ಖರ್ಚಾಗುವ ಬಗೆಯನ್ನು ಕಂಡವರಿಗೆ ಗಡುವಿನ ಹಿಂದಿನ ವಾರ ದಾಖಲಾತಿ ತಯಾರಾಗುವ ಬಗೆಯನ್ನು ವಿವರಿಸಬೇಕಿಲ್ಲ. ಸೇವೆಯಲ್ಲಿದ್ದಾಗ ನಾನು ನೋಡಿದ ಎರಡು ನೆರೆಯ ಪಂಚಾಯ್ತಿಗಳ ಸಸ್ಯಪಟ್ಟಿಗಳು ಅಕ್ಷರದೋಷಗಳ ಸಮೇತ ಒಂದೇ ಆಗಿದ್ದವು. ಎರಡರಲ್ಲೂ ಹುಲಿ, ನವಿಲು ಇದ್ದವು. ಉಣುಗು ಇರಲಿಲ್ಲ.

ಆ ದಾಖಲಾತಿಗಳನ್ನು ಕಸವೆಂದು ಎಸೆಯಬೇಕಿಲ್ಲ. ಶಿವಮೊಗ್ಗ ಜಿಲ್ಲೆಯ ಮಟ್ಟಿಗಾದರೂ ಅವುಗಳಿಗೆ ಒಂದು ಅಂಕಣ ಸೇರಿಸಲಿ: ಈ ಪ್ರಭೇದದ ಬಗ್ಗೆ ಈವರೆಗೆ ಯಾರು, ಯಾವಾಗ, ಏನು ಅಧ್ಯಯನ ಮಾಡಿದ್ದಾರೆ? ಬಹುತೇಕ ಸಾಲುಗಳಲ್ಲಿ ಅದು ಖಾಲಿ ಉಳಿಯುತ್ತದೆ. ಆ ಖಾಲಿ ಜಾಗಗಳೇ ಎರಡೂ ವಿಶ್ವವಿದ್ಯಾಲಯಗಳ ಪಿಎಚ್.ಡಿ. ವಿಷಯಪಟ್ಟಿಯಾಗಲಿ. ನೂರನೆಯ ಬಾರಿಗೆ ಬೇವಿನ ಎಲೆಯ ಸಾರ ತೆಗೆದು ಬ್ಯಾಕ್ಟೀರಿಯ ಕೊಲ್ಲುವ ಪ್ರಬಂಧಕ್ಕಿಂತ, ಜನವರಿಯಿಂದ ಮೇವರೆಗೆ ನಾಲ್ಕು ಕಾಡುಗಳಲ್ಲಿ ವಾರವಾರ ಉಣುಗು ಎಣಿಸಿದ ಪ್ರಬಂಧ ಹೆಚ್ಚು ಬಾಳುತ್ತದೆ. ಅಂಥ ವಿದ್ಯಾರ್ಥಿಯ ವರದಿ ವಿದೇಶಿ ಪತ್ರಿಕೆಯಲ್ಲಿ ಬರದೇ ಹೋಗಬಹುದು. ಹಾಗಾಗಿ ಬಡ್ತಿಯ ಅಂಕಗಳನ್ನು ಪತ್ರಿಕೆಯ ಹೆಸರು ನೋಡಿ ಹಾಕುವ ಈಗಿನ ಕ್ರಮದಿಂದ ಇಂಥ ಕೆಲಸಕ್ಕೆ ವಿನಾಯಿತಿ ಬೇಕು. ಇದನ್ನು ವಿಶ್ವವಿದ್ಯಾಲಯದ ಸಿಂಡಿಕೇಟೇ ಮುಂದಾಗಿ ಕೇಳಬೇಕು.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ನೆಡುತೋಪುಗಳಲ್ಲೇ ನಿಂತಿದೆ. ಆ ಅಕೇಶಿಯವನ್ನು ಕಡಿದು ಮಾರಿದಾಗ ಬರುವ ಹಣದಲ್ಲಿ ನೂರಕ್ಕೆ ಎರಡು ರೂಪಾಯಿಯನ್ನು ಜಿಲ್ಲೆಯ ಕಾಡಿನ ಅಧ್ಯಯನಕ್ಕೆಂದು ಪ್ರತ್ಯೇಕವಾಗಿಡಲು ರಾಜ್ಯ ಸರ್ಕಾರದ ಒಂದು ಆದೇಶ ಸಾಕು. ಇಂಥ ನಿಧಿಯ ಆಡಳಿತ ಬೆಂಗಳೂರಿಗೆ ಹೋದರೆ ಅದು ಅಲ್ಲಿಯೇ ಕರಗುತ್ತದೆ. ಶಿವಮೊಗ್ಗದಲ್ಲೇ ಇರಲಿ, ಲೆಕ್ಕಪತ್ರ ವರ್ಷಕ್ಕೊಮ್ಮೆ ಪ್ರಕಟವಾಗಲಿ. ಒಂದು ಬಿಡಿಗಾಸೂ ಬೇಡದ ಕೆಲಸವೂ ಇದೆ. ಆರೋಗ್ಯ ಇಲಾಖೆಯವರು ಪ್ರತಿ ಋತುವಿನಲ್ಲಿ ಕಾಡಿನಿಂದ ಉಣುಗುಗಳನ್ನು ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸುತ್ತಾರೆ. ಸತ್ತ ಮಂಗಗಳ ಜಾಗ, ದಿನಾಂಕ ಬರೆದಿಡುತ್ತಾರೆ. ಈ ಅಂಕಿಗಳು ಇಲಾಖೆಯ ಕಡತಗಳಲ್ಲಿವೆ. ಗ್ರಾಮವಾರು, ವಾರವಾರು ಅವುಗಳನ್ನು ಹಿಂದಿನ ವರ್ಷಗಳದ್ದೂ ಸೇರಿಸಿ ಸಾರ್ವಜನಿಕರ ಮುಂದಿಟ್ಟರೆ ಜಗತ್ತಿನ ಯಾವ ಮೂಲೆಯ ಸಂಶೋಧಕನೂ ಅವುಗಳ ಮೇಲೆ ಕೆಲಸ ಮಾಡಬಲ್ಲ. ರೋಗಿಗಳ ಹೆಸರು ಬೇಕಿಲ್ಲ. ಜನ ಗಾಬರಿಯಾಗುತ್ತಾರೆ, ಪ್ರವಾಸಿಗರು ಬರುವುದಿಲ್ಲ ಎಂಬ ಆಕ್ಷೇಪ ಜಿಲ್ಲಾ ಮಟ್ಟದ ಸಭೆಗಳಲ್ಲಿ ಖಂಡಿತ ಕೇಳಿಬರುತ್ತದೆ. ಸತ್ತ ಮಂಗದ ಸುದ್ದಿ ಹೇಗೂ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ, ಜನ ಹೇಗೂ ಗಾಬರಿಯಾಗುತ್ತಾರೆ. ಯಾವ ಊರಿನ ಯಾವ ದಿಕ್ಕಿನ ಕಾಡಿಗೆ ಈ ವಾರ ಹೋಗಬಾರದು ಎಂಬುದು ಗೊತ್ತಾದರೆ ದರಗಿಗೆ ಹೋಗುವ ಹೆಂಗಸು ಇನ್ನೊಂದು ದಿಕ್ಕಿಗೆ ಹೋದಾಳು. ಉಣುಗಿನ ಈ ಸಲದ ಋತು ಆರಂಭವಾಗುವ ಮೊದಲೇ, ಅಂದರೆ ನವೆಂಬರಿನೊಳಗೆ, ಜಿಲ್ಲಾಡಳಿತ ಹಿಂದಿನ ಐದು ವರ್ಷಗಳ ಅಂಕಿಗಳನ್ನಾದರೂ ಹೊರಗಿಡಲಿ.